ಖಾಲಿ ಕರಡಿಗೆ

ಪ್ರತಿ ಯುಗಾದಿಗೂ ಸಿದ್ದಲಿಂಗಪ್ಪನವರು ಹೊಸ ಮನುಷ್ಯರಾಗುತ್ತಿದ್ದರು. ಬೇವು-ಬೆಲ್ಲದ ರುಚಿ ನಾಲಿಗೆಯಿಂದ ಆರುವಷ್ಟರಲ್ಲಿ ಮತ್ತೆ ಹಳಬರೇ. ಬಿಬವೇವಾಡಿ ಬಡಾವಣೆಯಲ್ಲಿ ಅವರದು ಸ್ಟೀಲ್ ಪಾತ್ರೆಯ ಅಂಗಡಿ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಅದನ್ನು ಅವರು ತೆರೆಯುತ್ತಿದ್ದದ್ದು ಹಬ್ಬಕ್ಕೊಮ್ಮೆ. ಈ ಯುಗಾದಿಗೂ ಪೂಜೆ ಮುಗಿಸಿ, ಕಪ್ಪಾಗಿದ್ದ ಕರಡಿಗೆಯನ್ನು ತಿಕ್ಕಲು ಹೆಂಡತಿ ಶಿವಗಂಗವ್ವನ ಕೈಗೆ ಕೊಟ್ಟು, ಸಂಜೆ ಫಳಫಳ ಹೊಳೆಯುವುದನ್ನು ಕೊರಳಿಗೆ ಹಾಕಿಕೊಂಡರು.

ಈ ಸಲ ಅಲ್ಲಿನ ಕನ್ನಡ ಲಿಂಗಾಯತರ ಬಳಗದ ಹಿರಿಯರಾದ ವಿಶಾಲಮ್ಮ ದೊಡ್ಡ ವ್ರತವನ್ನೇನೂ ಹೇಳಿರಲಿಲ್ಲ. ಮೊದಲ ವಾರ ದಿನಾ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟು ಬರೀ ನೋಡಿದರೆ ಸಾಕು. ಎರಡನೆಯ ವಾರ ವಿಭೂತಿ, ಪತ್ರೆ. ಆಮೇಲೆ ಐದು ನಿಮಿಷ, ಹತ್ತು ನಿಮಿಷ ಕೂತರಾಯಿತು. ಮಾಡಿದವರು ವಾಟ್ಸಾಪ್ ಗುಂಪಿನಲ್ಲಿ ‘ಆತು’ ಎಂದು ಬರೆಯಬೇಕು, ಅಷ್ಟೇ.

ಮರುದಿನ ಬೆಳಿಗ್ಗೆಯೇ ಅಂಗಡಿಗೆ ಸರಕಿನ ಟೆಂಪೋ ಬಂತು. ಸಂಜೆ ನೋಡಿದರಾಯಿತೆಂದು ಸಿದ್ದಲಿಂಗಪ್ಪನವರು ‘ಆತು’ ಬರೆದು ಓಡಿದರು. ಸಂಜೆ ಮರೆತರು. ಮೂರನೆಯ ದಿನದಿಂದ ಮರೆಯುವ ತೊಂದರೆಯೂ ಉಳಿಯಲಿಲ್ಲ, ಹಲ್ಲುಜ್ಜುತ್ತಲೇ ಬರೆದುಬಿಡುತ್ತಿದ್ದರು. ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಅವರದೇ. ಶಿವಗಂಗವ್ವ ಫೋನು ನೋಡಿ, ಅವರ ಮುಖ ನೋಡಿ, ಚಹಾ ಇಟ್ಟು ಒಳಗೆ ಹೋಗುತ್ತಿದ್ದಳು.

ಬಸವ ಜಯಂತಿಗೆ ಬಳಗವೆಲ್ಲ ವಿಶಾಲಮ್ಮನವರ ಮನೆಯಲ್ಲಿ ಸೇರಿತು. ಒಂದು ದಿನವೂ ತಪ್ಪಿಸದವರೆಂದು ಸಿದ್ದಲಿಂಗಪ್ಪನವರನ್ನು ಮುಂದೆ ಕೂರಿಸಿದರು. ಊರಿನ ಇನ್ನೊಂದು ತುದಿಯ ವಾಕಡದಿಂದ ಬಂದಿದ್ದ ಅನುಜಾ ಎಂಬ ಹುಡುಗಿ, ತನಗೆ ವಾರದಲ್ಲಿ ಮೂರು ದಿನವೂ ಆಗಲಿಲ್ಲವೆಂದು ತಲೆ ತಗ್ಗಿಸಿದಳು.

“ಮನಸ್ಸಿದ್ರ ಎಲ್ಲಾ ಆಗತದವಾ,” ಎಂದು ಸಿದ್ದಲಿಂಗಪ್ಪನವರು ಉಪದೇಶ ಮಾಡಿದರು.

ಪೂಜೆಗೆ ಎಲ್ಲರೂ ಕರಡಿಗೆ ತೆರೆದರು. ಅವರೂ ತೆರೆದರು. ಒಳಗೆ ಲಿಂಗವಿರಲಿಲ್ಲ.

ಯಾವಾಗಿನಿಂದ ಇಲ್ಲವೆಂದು ಯಾರಾದರೂ ಕೇಳಿದರೆ ಹೇಳಲು ಬಾಯಿಲ್ಲ. ಬರಿಯ ಅಂಗೈಯನ್ನೇ ಎದೆಯ ಮಟ್ಟಕ್ಕೆ ಹಿಡಿದು, ಇನ್ನೊಂದು ಕೈಯಿಂದ ಮರೆಮಾಡಿ, ಕಣ್ಣು ಮುಚ್ಚಿ ಭಕ್ತರಂತೆ ಕೂತರು.

ಪಕ್ಕದಲ್ಲಿದ್ದ ಶಿವಗಂಗವ್ವ ಸೆರಗಿನ ಗಂಟು ಬಿಚ್ಚಿ ಆ ಅಂಗೈಯಲ್ಲಿ ಏನೋ ಇಟ್ಟಳು. ಅವರದೇ ಲಿಂಗ.

“ಕರಡಿಗಿ ತಿಕ್ಕುಮುಂದ ಲಿಂಗಾ ತಗದು ದೇವರ ಜಗಲಿ ಮ್ಯಾಲೆ ಇಟ್ಟಿದ್ದೆರಿ,” ಎಂದು ಪಿಸುಗುಟ್ಟಿದಳು. “ಮರುದಿನ ಕೇಳತೀರಿ ಅನಕೊಂಡೆ. ನೀವು ಕೇಳಲಿಲ್ಲ. ಲಿಂಗಾ ಉಪಾಸ ಹ್ಯಾಂಗ ಇಡೂದು ಅಂತ ನನ್ನ ಲಿಂಗದ ಜೋಡಿ ಇದಕ್ಕೂ ದಿನಾ ಪೂಜಾ ಮಾಡೀನಿ.”

ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ.

ಬೇರೆ ಯಾರೂ ನೋಡಿರಲಿಲ್ಲ; ಮಾತು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಪೂಜೆಯಾದ ಮೇಲೆ ವಿಶಾಲಮ್ಮ, ಇಷ್ಟು ದಿನ ಬಿಡದೆ ಹೇಗೆ ನಡೆಸಿದಿರಿ, ಈ ಹುಡುಗಿಗೂ ಸ್ವಲ್ಪ ಹೇಳಿಕೊಡಿ ಎಂದರು. ಅನುಜಾ ಆಸೆಯಿಂದ ಸಿದ್ದಲಿಂಗಪ್ಪನವರನ್ನೇ ನೋಡುತ್ತಿದ್ದಳು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಮುಚ್ಚಿದ ಮುಷ್ಟಿಯಲ್ಲಿ ಲಿಂಗವಿತ್ತು.

“ನಾ ಒಂದ ದಿನಾನೂ ಮಾಡಿಲ್ರಿ. ಬರೇ ಬರದೀನಿ.”

ಈ ಸಲ ತಲೆ ತಗ್ಗಿಸಿದವರು ಅವರು.

ಮರುದಿನ ಬೆಳಿಗ್ಗೆ ದೇವರ ಜಗಲಿಯ ಮುಂದೆ ಕೂತು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರು. ಮೊದಲ ವಾರದ ಪಾಠ, ಬರೀ ನೋಡುವುದು. ಅದರ ಮೇಲೆ ವಿಭೂತಿಯ ಮೂರು ಎಳೆಗಳಿದ್ದವು, ಹೆಂಡತಿಯ ಬೆರಳಿನವು. ಹೆಚ್ಚು ಹೊತ್ತು ನೋಡಲು ಅವರಿಂದಾಗಲಿಲ್ಲ. ಗುಂಪಿಗೆ ಏನೂ ಬರೆಯಲಿಲ್ಲ.

“ಒಂದ ನಿಮಿಷ ಆತು,” ಎಂದು ಅಡುಗೆಮನೆಯ ಕಡೆಗೆ ಹೇಳಿದರು.

ಶಿವಗಂಗವ್ವ ಫೋನು ನೋಡಲಿಲ್ಲ. ಚಹಾ ತಂದಿಟ್ಟು, ಎದುರಿಗೇ ಕೂತಳು.