ಹನಿ ನಿಲ್ಲಿಸುವಂತಿಲ್ಲ

ಗರ್ಭಕಂಠದ ಕ್ಯಾನ್ಸರ್ ಅವಳನ್ನು ಬಿಟ್ಟು ಹೋಗಿತ್ತು. ಆದರೆ ರೇಡಿಯೇಷನ್ನಿನ ಕಾವಿಗೆ ಕರುಳಿನ ಒಳಪೊರೆ ಗಾಯಗೊಂಡು, ಹೊಟ್ಟೆ ಹೇಳಿದ ಮಾತು ಕೇಳುವುದನ್ನೇ ಬಿಟ್ಟಿತ್ತು. ಬಂತು ಅಂದರೆ ಬಂತು. ತಾಳು ಅಂದರೆ ತಾಳದು.

ಹೊಸ ಔಷಧಿಗಳನ್ನು ಕೂಡಿಸಿ ನೋಡುವ ಪ್ರಯೋಗಾಲಯದಲ್ಲಿ ಅವಳ ಕೆಲಸ. ಅಲ್ಲಿ ಇದನ್ನೆಲ್ಲ ಯಾರ ಬಳಿ ಹೇಳಿಕೊಳ್ಳುವುದು? "ಮನೆಯಿಂದ ಫೋನು" ಎಂದು ಓಡುತ್ತಿದ್ದಳು. ಪಾಪ, ಹೆಂಡತಿಯನ್ನು ಒಂದು ಗಳಿಗೆಯೂ ಬಿಟ್ಟಿರಲಾರದವನೆಂದು ಅವಳ ಗಂಡನಿಗೆ ಅಲ್ಲಿ ದೊಡ್ಡ ಹೆಸರೇ ಬಂದಿತ್ತು.

ಅಂದು ಕೊರೆಯುವ ತಂಪಿನ ಡ್ರೈ ಐಸಿನಲ್ಲಿ ಕೂರಿಸಿದ ಫ್ಲಾಸ್ಕಿಗೆ ಮೇಲಿನ ಗಾಜಿನ ನಳಿಕೆಯಿಂದ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತಿದ್ದಳು. ಅವಸರಿಸಿದರೆ ಫ್ಲಾಸ್ಕಿನಲ್ಲಿದ್ದದ್ದು ಬಿಸಿಯೇರಿ ಡಾಂಬರಾಗುತ್ತದೆ; ನಿಲ್ಲಿಸಿದರೆ ನಳಿಕೆಯಲ್ಲಿದ್ದದ್ದು ಕೆಡುತ್ತದೆ. ತಿಂಗಳುಗಟ್ಟಲೆ ದುಡಿದು ಮಾಡಿಟ್ಟ ಪದಾರ್ಥ. ಅರ್ಧಕ್ಕೆ ಬಂದಿದೆ ಎನ್ನುವಾಗ ಹೊಟ್ಟೆ ಗುಡುಗಿತು.

ಪಕ್ಕದ ಮೇಜಿನಲ್ಲಿದ್ದವನು ಮೀಸೆರಾಯ. ನಗುವುದೆಂದರೆ ಖರ್ಚು ಎಂದುಕೊಂಡಂಥ ಆಸಾಮಿ.

"ಸ್ವಲ್ಪ ಇದನ್ನ ನೋಡ್ಕೊಳ್ತೀರಾ?"

"ಮತ್ತೆ ಯಜಮಾನ್ರ ಫೋನಾ? ಆಮೇಲೆ ಮಾತಾಡಿ."

"ಫೋನಲ್ಲ ಕಣ್ರೀ, ಹೊಟ್ಟೆ! ಈಗ ಹೋಗ್ಲಿಲ್ಲ ಅಂದ್ರೆ ಇಲ್ಲೇ ಆಗೋಗತ್ತೆ!"

ಮೀಸೆರಾಯ ಎರಡನೇ ಮಾತಾಡದೆ ನಳಿಕೆಯ ತಿರುಪು ಹಿಡಿದ. ಅವಳು ಬಿದ್ದಂಬೀಳ ಓಡಿದಳು. ಮಹಡಿಗೆಲ್ಲ ಇದ್ದದ್ದು ಒಂದೇ ಶೌಚಾಲಯ. ಒಳಗೆ ಪ್ರಯೋಗಾಲಯದ ನಿರ್ದೇಶಕರು ಆರಾಮವಾಗಿ ಫೋನಿನಲ್ಲಿ ಹರಟುತ್ತಿದ್ದರು.

ಅವಳು ಬಾಗಿಲು ಬಡಿದಳು. "ಸಾರ್, ಬೇಗ ಹೊರಗೆ ಬನ್ನಿ! ತಡ ಮಾಡಿದ್ರೆ ಅನಾಹುತ ಆಗತ್ತೆ!"

ರಾಸಾಯನಿಕಗಳ ನಡುವೆ ತಲೆ ನರೆತವರಿಗೆ ಆ ಮಾತಿಗೆ ಒಂದೇ ಅರ್ಥ. ನಿರ್ದೇಶಕರು ಬೆಲ್ಟನ್ನು ಕೈಯಲ್ಲೇ ಹಿಡಿದು ಹೊರಬಿದ್ದು, ಗೋಡೆಯ ಮೇಲಿನ ಬೆಂಕಿ ಸೈರನ್ನಿನ ಗುಂಡಿ ಒತ್ತಿ, ಎಲ್ಲರನ್ನೂ ಕೂಗಿಕೊಳ್ಳುತ್ತ ಮೆಟ್ಟಿಲಿಳಿದರು.

ಒಳಗೆ ಕೂತ ಅವಳಿಗೆ ಸೈರನ್ನು ಕೇಳಿಸಿತು. ಎದ್ದು ಓಡುವ ಸ್ಥಿತಿಯಲ್ಲಂತೂ ಇರಲಿಲ್ಲ. ಬೆಂಕಿ ಬಂದರೆ ಬರಲಿ ಎಂದು ಕಣ್ಣು ಮುಚ್ಚಿದಳು.

ಕೆಳಗಿಳಿದು ಬಂದಾಗ ಇಡೀ ಕಚೇರಿ ಅಂಗಳದಲ್ಲಿತ್ತು.

"ಬೆಂಕಿ ಎಲ್ಲಮ್ಮಾ?" ನಿರ್ದೇಶಕರು ಏದುಸಿರು ಬಿಡುತ್ತ ಕೇಳಿದರು.

ಸುಳ್ಳೊಂದು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಸುಳ್ಳು ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು. "ಬೆಂಕಿ ಇಲ್ಲ ಸಾರ್. ಟ್ರೀಟ್‌ಮೆಂಟ್ ಆದ್ಮೇಲೆ ನಂಗೆ ತಡ್ಕೊಳ್ಳೋಕೆ ಆಗ್ತಿಲ್ಲ. ನೀವು ಒಳಗಿದ್ರಿ..."

ನಿರ್ದೇಶಕರು ಕೈಯಲ್ಲಿದ್ದ ಬೆಲ್ಟನ್ನು ನೋಡಿಕೊಂಡು, "ಬೆಲ್ಟ್ ಹಾಕ್ಕೊಳ್ಳೋಕಾದ್ರೂ ಬಿಡಬಾರ್ದಿತ್ತಾ?" ಎಂದರು. ಅಂಗಳವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು. ಸ್ಟೋರ್ ನೋಡಿಕೊಳ್ಳುವಾಕೆ ಹತ್ತಿರ ಬಂದು, "ನಮ್ಮಮ್ಮಂಗೂ ಹೀಗೇ ಆಗಿತ್ತು ಕಣೇ. ಕರುಳಿಗೆ ಅಂತಾನೇ ಬೇರೆ ಡಾಕ್ಟ್ರು ಇದಾರೆ, ಒಟ್ಟಿಗೆ ಹೋಗೋಣ" ಎಂದಳು.

ಅವಳು ಮೇಲೆ ಬಂದಾಗ ಮೀಸೆರಾಯ ಕೂತಲ್ಲಿಂದ ಕದಲಿರಲಿಲ್ಲ. ಸೈರನ್ನು ಯಾಕೆ ಕೂಗಿತೆಂದು ಅವನೊಬ್ಬನಿಗೇ ಅಂದಾಜಿತ್ತು.

"ಹೋಗ್ಬನ್ನಿ ಅಂದ್ರೆ ಊರೆಲ್ಲ ಕರ್ಕೊಂಡು ಹೋಗೋದಾ?" ಎಂದ. ಕೊನೆಯ ಹನಿ ಫ್ಲಾಸ್ಕಿಗೆ ಬಿತ್ತು. ಬಣ್ಣ ಕೆಟ್ಟಿರಲಿಲ್ಲ.

ಕರುಳಿನ ಡಾಕ್ಟರು, "ಇಷ್ಟು ದಿನ ನಾಚ್ಕೊಂಡು ಕೂತಿದ್ರಾ?" ಎಂದು ಗದರಿ, ಮಾತ್ರೆ ಕೊಟ್ಟು, ಊಟ ಬದಲಿಸಿ, ಬಿಗಿಹಿಡಿಯುವ ವ್ಯಾಯಾಮ ಕಲಿಸಿದರು. ಪೂರ್ತಿ ವಾಸಿಯಾಯಿತೆಂದಲ್ಲ, ಆದರೆ ಹೊಟ್ಟೆ ಈಗ ಮುನ್ಸೂಚನೆ ಕೊಡುವಷ್ಟು ಸಭ್ಯವಾಯಿತು. ಬೇಸಿಗೆಯಲ್ಲಿ ಅವಳು ದೂರದ ಅಕ್ಕನ ಮನೆಗೆ ಬಸ್ಸು ಹತ್ತಿದಳು. ಬಾಗಿಲ ಪಕ್ಕದ ಸೀಟು ಖಾಲಿಯಿದ್ದರೂ ಹಿಂದಕ್ಕೆ ಹೋಗಿ ಕಿಟಕಿಯ ಬಳಿ ಕೂತು, ಎರಡು ಊರು ದಾಟುವಷ್ಟರಲ್ಲಿ ಗೊರಕೆ ಹೊಡೆಯತೊಡಗಿದಳು.