ಉಪ್ಪುಕಂಡದ ಬೀರು

ಶ್ಯಾಮಲಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಊರಲ್ಲಿ ಹೇಳುತ್ತಾರೆ. ಶುದ್ಧ ಸುಳ್ಳು. ಆ ಸಿಟ್ಟು ಮದುವೆಯಾದಾಗಿನಿಂದ ಹೊಟ್ಟೆಯೊಳಗೇ ಕೂತಿತ್ತು. ಮೂಗಿಗೆ ಏರಿದ್ದು ಈ ಬೀರುವಿನಿಂದ.

ಬೀರು ಅವಳದೇ. ಮದುವೆಗೆ ಅಪ್ಪ ಅಂಬಾಜಿದುರ್ಗದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಹೇರಿಸಿ, ಶಿಡ್ಲಘಟ್ಟದ ಪಕ್ಕದ ಈ ರೇಷ್ಮೆಹುಳದ ಮನೆಗೆ ಕಳಿಸಿದ್ದ. ಈಗ ತಳವೆಲ್ಲ ತುಕ್ಕು. ಗಂಡ ವೆಂಕಟರಾಮಪ್ಪ ಅದನ್ನು ಗುಜರಿಗೆ ಹಾಕಬೇಕು ಅಂದ ದಿನವೇ ಅವಳು ವೆಲ್ಡಿಂಗ್ ಅಂಗಡಿಯ ರಾಮಾಂಜಿನಪ್ಪನನ್ನು ಕರೆಸಿದಳು.

"ಇದರೊಳಗೆ ಮಾಂಸಕ್ಕೆ ಹೊಗೆ ತಾಗಬೇಕು ಕಣಪ್ಪ. ಬೆಂಕಿ ತಾಗಬಾರದು."

"ಬೀರುನಲ್ಲಾ ಅಕ್ಕಾ?"

"ನಿಮ್ಮನೆ ಬೀರು ಕೇಳಿದ್ನಾ?"

ರಾಮಾಂಜಿನಪ್ಪ ಹಿತ್ತಲಲ್ಲಿ ಹಳೇ ಡ್ರಮ್ಮೊಂದನ್ನು ಅಡ್ಡ ಮಲಗಿಸಿ ಒಲೆ ಮಾಡಿದ. ಅಲ್ಲಿಂದ ಬೋರ್‌ವೆಲ್ಲಿನ ಕಬ್ಬಿಣದ ಪೈಪಿನ ತುಂಡೊಂದನ್ನು ಬೀರುವಿನ ತಳಕ್ಕೆ ಬೆಸೆದ. ಒಳಗಿನ ಹಲಗೆ ಕಿತ್ತು, ಹುಳದ ತಟ್ಟೆ ಜೋಡಿಸುತ್ತಿದ್ದ ಹಳೇ ಸ್ಟ್ಯಾಂಡಿನ ಸರಳುಗಳನ್ನು ಅಡ್ಡ ಕೂರಿಸಿದ. ನೆತ್ತಿಗೆ ಒಂದು ತೂತು. ಆಮೇಲೆ ಶ್ಯಾಮಲಮ್ಮ ಖಾಲಿ ಬೀರುವಿಗೇ ಜೋರು ಬೆಂಕಿ ಕೊಟ್ಟು, ಹಸಿರು ಬಣ್ಣವೆಲ್ಲ ಸುಟ್ಟು ಉದುರಿ ನಾತ ಹೋಗುವವರೆಗೂ ಸೆರಗು ಮೂಗಿಗೆ ಹಿಡಿದು ನಿಂತಳು.

ತವರಿನಲ್ಲಿ ಇಷ್ಟೆಲ್ಲ ರಂಪ ಇರಲಿಲ್ಲ. ಉಪ್ಪು, ಅರಿಶಿನ, ಖಾರ ಹಚ್ಚಿದ ಮಾಂಸದ ಪಟ್ಟಿಗಳನ್ನು ದಾರಕ್ಕೆ ಪೋಣಿಸಿ ಸೌದೆ ಒಲೆಯ ಮೇಲೆ ಕಟ್ಟಿದರೆ ಉಪ್ಪುಕಂಡ ತಾನಾಗಿಯೇ ಆಗುತ್ತಿತ್ತು. ಈ ಮನೆಯಲ್ಲಿ ಹೊಗೆಯ ಮಾತೆತ್ತುವ ಹಾಗಿಲ್ಲ. ಹುಳಕ್ಕೆ ಹೊಗೆ ಆಗದು, ಘಾಟು ಆಗದು, ಊದಿನಕಡ್ಡಿಯೂ ಆಗದು. ಒಗ್ಗರಣೆಯನ್ನು ಹಿತ್ತಲಲ್ಲಿ ಹಾಕಿಕೊಂಡು ಬಂದವಳು ಅವಳು. ಅದನ್ನಾದರೂ ಮರೆತಾಳು. ಬಾಣಂತಿಯಾಗಿದ್ದಾಗ ಅವಳಮ್ಮ ಸಾಂಬ್ರಾಣಿ ಕಟ್ಟಿಕೊಂಡು ಬಂದಿದ್ದಳು, ತಲೆಗೆ ನೀರು ಹಾಕಿ ಮಗುವಿಗೂ ತಾಯಿಗೂ ಹೊಗೆ ಹಿಡಿಯಲು. "ಹುಳ ಮನೇಲೈತೆ," ಅಂದಿದ್ದ ವೆಂಕಟರಾಮಪ್ಪ. ಅಮ್ಮ ಸಾಂಬ್ರಾಣಿ ಪೊಟ್ಟಣವನ್ನು ಬಿಚ್ಚದೆ ವಾಪಸ್ಸು ತೆಗೆದುಕೊಂಡು ಹೋದಳು. ಒದ್ದೆ ತಲೆಯಲ್ಲಿ ಕೂತು ನಡುಗಿದ್ದನ್ನು ಶ್ಯಾಮಲಮ್ಮ ಮರೆಯಲಿಲ್ಲ, ಕ್ಷಮಿಸಲೂ ಇಲ್ಲ.

ಹೋದ ವರ್ಷ ತೋಟದಲ್ಲಿ ಹುಳಕ್ಕೆ ಅಂತಲೇ ಶೆಡ್ ಎದ್ದಿತು. ಹುಳ ಅತ್ತ ಹೋಯಿತು. ಇನ್ನು ಈ ಮನೆ ನನ್ನದು ಅಂದುಕೊಂಡಳು.

ಬೀರುವಿಗೆ ಮೊದಲ ಸಲ ಮಾಂಸ ಕಟ್ಟುವ ದಿನ ಬೆಳಿಗ್ಗೆ ಅವಳು ಪಟ್ಟಿ ಪೋಣಿಸುವಾಗ ಗಂಡ ಎದುರಿಗೇ ಕೂತು ಉಪ್ಪಿಟ್ಟು ತಿಂದ. ಅದನ್ನೆಲ್ಲ ಕಣ್ಣಾರೆ ಕಂಡವನೇ ಮಧ್ಯಾಹ್ನ ಆಟೋದಲ್ಲಿ ಎಳೆಯ ಹುಳದ ತಟ್ಟೆಗಳನ್ನು ತಂದು ಬಾಗಿಲಲ್ಲಿ ಇಳಿಸಿದ. ಹುಳ ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳನ್ನೇ ಡ್ರಮ್ಮಿಗೆ ತುರುಕಿ ಶ್ಯಾಮಲಮ್ಮ ಬೆಂಕಿ ಹಾಕಿದ್ದಳು. ಬೀರುವಿನ ನೆತ್ತಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

"ಶೆಡ್ಡಿನ ಮೆಷ್ ಹರಿದೈತೆ, ಹುಳ ಕೊಲ್ಲೋ ನೊಣ ನುಗ್ತವೆ. ಹುಳ ನಡುಮನೇಲಿರ್ಲಿ. ಅದನ್ನ ಆರಿಸೇ," ಅಂದ.

"ಮಾಂಸ ಕಟ್ಟಿ ಈಗಿನ್ನೂ ಹೊಗೆ ಹಿಡೀತಾ ಐತೆ. ಈಗ ಆರಿಸಿದ್ರೆ ಕೊಳೆತು ಹೋಗ್ತದೆ."

"ನಾಯಿಗೆ ಹಾಕು. ಹುಳ ಮನೇಲೈತೆ ಕಣೇ."

ಅದೇ ಮಾತು, ಅದೇ ಧ್ವನಿ. ಹೇಳಿ ಸುಮ್ಮನಿರಲಿಲ್ಲ, ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಡ್ರಮ್ಮಿನ ಕಡೆ ಬಂದ. ಶ್ಯಾಮಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಡ್ರಮ್ಮಿಗೆ ಅಡ್ಡ ನಿಂತಳು.

"ನನ್ನ ಮೇಲೆ ಹುಯ್ದು ಆಮೇಲೆ ಬೆಂಕಿಗೆ ಹುಯ್ರಿ," ಅಂದಳು. "ಅವತ್ತು ನಮ್ಮಮ್ಮನ್ನ ವಾಪಸ್ ಕಳಿಸಿದ್ರಿ. ಇವತ್ತು ನೀವು ವಾಪಸ್ ಹೋಗಿ. ಹುಳ ಎತ್ಕೊಂಡ್ಹೋಗಿ. ಬೀರು ಕದಲಲ್ಲ."

ಅವಳು ಕೂಗಲಿಲ್ಲ. ಕೂಗಿದ್ದರೆ ಅವನೂ ಕೂಗುತ್ತಿದ್ದ, ಅದು ಅವನಿಗೆ ಅಭ್ಯಾಸವಿತ್ತು. ಇದು ಇರಲಿಲ್ಲ. ಬಕೆಟ್ಟು ಕೆಳಗಿಟ್ಟ. ಬಿಸಿಲು ಸುಡುತ್ತಿತ್ತು, ತಟ್ಟೆಯಲ್ಲಿ ಹುಳ ಬಾಡುವುದು ಅವನಿಗೇ ಗೊತ್ತು. ಗೊಣಗುತ್ತಾ ಆಟೋದವನನ್ನು ಮತ್ತೆ ಕರೆದು ತಟ್ಟೆಗಳನ್ನು ತೋಟಕ್ಕೆ ಹೊರಿಸಿದ. ಹರಿದ ಮೆಷ್ಷಿಗೆ ಹಳೇ ಸೊಳ್ಳೆಪರದೆ ಇಟ್ಟು ತಾನೇ ತಂತಿಯಲ್ಲಿ ಹೊಲಿದ. ಇಷ್ಟು ಕೆಲಸಕ್ಕೆ ಅವಳ ಮಾಂಸವನ್ನು ನಾಯಿಗೆ ಹಾಕಬೇಕಿತ್ತಂತೆ.

ಸಂಜೆ ವೆಂಕಟರಾಮಪ್ಪ ವಾಸನೆ ಹಿಡಿದು ನೇರ ಹಿತ್ತಲಿಗೇ ಬಂದ. ಬೀರು ತೆರೆದಿತ್ತು. ಮಾಂಸ ಕೆಂಪಾಗಿ, ಅಂಚು ಗಟ್ಟಿಯಾಗಿ, ಎಣ್ಣೆ ಜಿನುಗುತ್ತಿತ್ತು. ಶ್ಯಾಮಲಮ್ಮ ಒಂದು ತುಂಡನ್ನು ಕೆಂಡದ ಮೇಲೆ ಸುಟ್ಟುಕೊಂಡು ಅಗಿಯುತ್ತಾ ಕೂತಿದ್ದಳು. ಅವಳ ತಲೆಗೂದಲಿಗೂ ಹೊಗೆ ಹತ್ತಿತ್ತು.

"ಒಂದು ತುಂಡು ಕೊಡೇ," ಅಂತ ಕೈ ಚಾಚಿದ.

ಅವಳು ಆ ಕೈ ನೋಡಿದಳು.

"ರಾತ್ರಿ ಹುಳಕ್ಕೆ ಸೊಪ್ಪು ಹಾಕೋರು ಯಾರು?"

"ನಾನೇ."

"ಹಂಗಾದ್ರೆ ಬೇಡ. ಹೊಗೆ ಮುಟ್ಟಿದ ಕೈಯಲ್ಲಿ ಹುಳ ಮುಟ್ಟಬಾರ್ದು ಅಂತ ನಂಗೆ ಕಲಿಸಿದ್ದು ನೀವೇ."

ಬಾಗಿಲು ತಳ್ಳಿದಳು. ತುಕ್ಕು ಹಿಡಿದ ಬೀರುವಿನಲ್ಲಿ ಬೀಗ ಮಾತ್ರ ಇನ್ನೂ ಗಟ್ಟಿಯಾಗಿತ್ತು. ಅದನ್ನು ತಿರುಗಿಸಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು.