ಬಲಗಡೆಯ ರಾಡು

ನಮ್ಮ ಮಿನಿ ಟ್ರ್ಯಾಕ್ಟರಿನ ಹಿಂದೆ ಮೂರು ಹಿಡಿತಗಳಿವೆ. ಕೆಳಗೆ ಎಡಕ್ಕೂ ಬಲಕ್ಕೂ ಒಂದೊಂದು ಕಬ್ಬಿಣದ ತೋಳು, ಮೇಲೆ ನಡುವಿನಲ್ಲಿ ಟಾಪ್ ಲಿಂಕ್. ಮಣ್ಣು ಸರಿಸುವ ಬ್ಲೇಡನ್ನೋ ಉಳುವ ಕಲ್ಟಿವೇಟರನ್ನೋ ಈ ಮೂರಕ್ಕೂ ಪಿನ್ ಹಾಕಿ ಕೂರಿಸುತ್ತೇವೆ. ಬಲಗಡೆಯ ತೋಳನ್ನು ಎತ್ತಿ ಹಿಡಿದಿರುವ ರಾಡಿಗೆ ಒಂದು ಹಿಡಿ ಇದೆ. ಅದನ್ನು ತಿರುಗಿಸಿದರೆ ಬ್ಲೇಡಿನ ಬಲತುದಿ ಇಳಿಯುತ್ತದೆ, ಇಲ್ಲವೇ ಏರುತ್ತದೆ. ಆರು ವರ್ಷದಿಂದ ಅದನ್ನು ತಿರುಗಿಸುತ್ತಿರುವವಳು ನಾನು.

ನನ್ನ ಗಂಡ ಕಾಂತೇಶ್ ಸೀಟಿನ ಮೇಲಿರುತ್ತಾರೆ. ನಾನು ವಾರವೆಲ್ಲ ಗುಬ್ಬಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯ ನೋಡಿಕೊಂಡು ಭಾನುವಾರ ತೋಟಕ್ಕೆ ಇಳಿಯುತ್ತೇನೆ. ನಮ್ಮ ತೆಂಗಿನ ತೋಟ ಕೆರೆಯ ಕಡೆಗೆ ವಾಲಿದೆ. ಸಾಲುಗಳ ನಡುವೆ ನೀರು ಹರಿಯಬೇಕಾದರೆ ಬ್ಲೇಡಿನ ಒಂದು ತುದಿ ಇಳಿಸಿ ಕಾಲುವೆ ತೆಗೆಯಬೇಕು. ಮರಳಿ ಬರುವಾಗ ಅದನ್ನು ಮಟ್ಟಕ್ಕೆ ತಂದು ಎದ್ದ ಮಣ್ಣನ್ನು ಹರಡಬೇಕು. ಹಾಗಾಗಿ ಪ್ರತಿ ಸಾಲಿನ ಕೊನೆಗೂ ಟ್ರ್ಯಾಕ್ಟರ್ ನಿಲ್ಲುತ್ತದೆ. ಕಾಂತೇಶ್ ಹಿಂದಕ್ಕೆ ತಿರುಗಿ ನನ್ನನ್ನು ನೋಡುತ್ತಾರೆ. ನಾನು ದೊಡ್ಡ ಚಕ್ರಕ್ಕೂ ಬ್ಲೇಡಿಗೂ ನಡುವಿನ ಸಂದಿಗೆ ಹೋಗಿ, ಬಗ್ಗಿ, ಹಿಡಿ ತಿರುಗಿಸುತ್ತೇನೆ. ಇಳಿಸಲು ಹನ್ನೊಂದು ಸುತ್ತು, ಏರಿಸಲು ಹನ್ನೊಂದು ಸುತ್ತು.

ಆಗ ಎಂಜಿನ್ ಓಡುತ್ತಲೇ ಇರುತ್ತದೆ. ಪದೇ ಪದೇ ಆಫ್ ಮಾಡಿದರೆ ಬ್ಯಾಟರಿ ಇಳಿದುಹೋಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಬ್ಲೇಡನ್ನೂ ನೆಲಕ್ಕೆ ಇಳಿಸುವುದಿಲ್ಲ. ಎತ್ತಿ ಹಿಡಿದರೆ ಓರೆ ಎಷ್ಟಾಯಿತೆಂದು ಸೀಟಿನಿಂದಲೇ ಕಾಣುತ್ತದೆ.

ಸಂಕ್ರಾಂತಿಯ ಮರುವಾರ ಹಾಗೆ ನಿಂತಿದ್ದಾಗ ಕಾಂತೇಶರ ಫೋನ್ ಬಡಿದುಕೊಂಡಿತು. ಜೇಬಿನಿಂದ ತೆಗೆಯುವಾಗ ಅವರ ಮೊಣಕೈ ಬ್ಲೇಡನ್ನು ಎತ್ತಿಳಿಸುವ ಲಿವರಿಗೆ ತಾಗಿತು. ಬ್ಲೇಡ್ ಬಿತ್ತು. ಎಂಜಿನ್ನಿನ ಹೊಗೆಗೆ ಕೆಮ್ಮು ಬಂದು ನಾನು ಆಗಷ್ಟೇ ಒಂದು ಹೆಜ್ಜೆ ಸರಿದಿದ್ದೆ. ಎಡಗಾಲಿನ ಚಪ್ಪಲಿ ಮಾತ್ರ ಹಸಿ ಮಣ್ಣಿಗೆ ಅಂಟಿಕೊಂಡು ಅಲ್ಲೇ ಉಳಿದಿತ್ತು. ಅದು ಎರಡು ತುಂಡಾಯಿತು.

“ಚಪ್ಲಿ ತಾನೆ ಕಣೇ, ಹೋಗ್ಲಿ ಬುಡು,” ಅಂದರು. ಸಂಜೆ ಗುಬ್ಬಿಗೆ ಕರೆದುಕೊಂಡು ಹೋಗಿ ಹೊಸ ಜೊತೆ ಕೊಡಿಸಿದರು. ಅಂಗಡಿಯವನು ಹಾಕಿ ನೋಡಿ ಎಂದಾಗ ನಾನು ಎಡಗಾಲಿನ ಬೆರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದೆ.

ಅತ್ತೆ ಗಂಗಾಂಬಿಕೆಗೆ ಈ ವಿಷಯ ಹೇಳಲಿಲ್ಲ. ಹೇಳಿದ್ದರೆ ಅವರು ನನ್ನನ್ನು ಬೈಯುತ್ತಿರಲಿಲ್ಲ. ನೀನು ಮನೆಯಲ್ಲಿರು ಎಂದು ಹೇಳಿ, ಅರವತ್ತೆಂಟರ ವಯಸ್ಸಿನಲ್ಲಿ ಸೆರಗು ಸಿಕ್ಕಿಸಿಕೊಂಡು ತಾವೇ ಆ ಸಂದಿಗೆ ಹೋಗುತ್ತಿದ್ದರು. ಅದು ನನಗೆ ಗೊತ್ತಿತ್ತು.

ಸೀಟಿನಿಂದಲೇ ಲಿವರ್ ಎಳೆದು ಹೊಂದಿಸುವಂಥ, ಎಣ್ಣೆಯ ಒತ್ತಡದಿಂದ ಚಾಚುವ ಹೈಡ್ರಾಲಿಕ್ ಸಿಲಿಂಡರ್ ಸಿಗುತ್ತದಂತೆ ಎಂದು ಒಂದು ಬೆಳಿಗ್ಗೆ ತಿಂಡಿ ಬಡಿಸುತ್ತಾ ಹೇಳಿದೆ. ಚಪ್ಪಲಿಯ ಮಾತು ತೆಗೆಯಲಿಲ್ಲ. ಕಾಂತೇಶ್ ಉತ್ಸಾಹದಿಂದ ಒಪ್ಪಿದರು. ಆದರೆ ಅವರ ಮನಸ್ಸಿನಲ್ಲಿದ್ದದ್ದು ಟಾಪ್ ಲಿಂಕ್. ಅದಕ್ಕೆ ಸಿಲಿಂಡರ್ ಹಾಕಿದರೆ ಕಲ್ಟಿವೇಟರ್ ಮಣ್ಣನ್ನು ಎಷ್ಟು ಕಚ್ಚಬೇಕೆಂಬುದನ್ನು ಕೂತಲ್ಲೇ ಹೊಂದಿಸಬಹುದು. ಮೊಬೈಲಿನಲ್ಲಿ ಯಾರೋ ಹಾಗೆ ಮಾಡುವುದನ್ನು ನೋಡಿದ್ದರು. ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋಗಿ ಬಿಡಿಭಾಗಗಳ ಅಂಗಡಿಯಲ್ಲಿ ವಿಚಾರಿಸಿದೆವು. ನಮ್ಮ ಟ್ರ್ಯಾಕ್ಟರಿನಲ್ಲಿ ಹೊರಗಿನ ಸಿಲಿಂಡರಿಗೆ ಎಣ್ಣೆ ಕೊಡುವ ದಾರಿ ಒಂದೇ ಇದೆ, ಟಾಪ್ ಲಿಂಕಿಗೋ ಸೈಡ್ ರಾಡಿಗೋ ಯಾವುದಾದರೂ ಒಂದಕ್ಕೆ ಹಾಕಿಸಿಕೊಳ್ಳಿ, ಟಾಪ್ ಲಿಂಕಿನದು ರೆಡಿ ಇದೆ ಎಂದು ಅಂಗಡಿಯವರು ಹೇಳಿದರು. ಕಾಂತೇಶ್ ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಸೈಡ್ ರಾಡೆಂದರೆ ನಾನು ತಿರುಗಿಸುವ ಬಲಗಡೆಯ ರಾಡು. ಅದನ್ನು ಬಿಟ್ಟು ಟಾಪ್ ಲಿಂಕಿಗೆ ಹಾಕಿಸಿದರೆ ಆ ಸಂದಿ ನನಗೇ ಉಳಿಯುತ್ತದೆ.

ತುಮಕೂರಿನಲ್ಲೂ ಒಂದು ಸಲ ಕೇಳಿ ಬಿಡೋಣ ಎಂದಷ್ಟೇ ಹೇಳಿದೆ. ಅದಕ್ಕಿಂತ ಹೆಚ್ಚು ಹೇಳಲು ವಾಕ್ಯ ಜೋಡಿಸಿಕೊಂಡಿದ್ದೆ. ಮರಳುವ ಬಸ್ಸಿನಲ್ಲಿ ಅದನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಸುಸ್ತಾಗಿ, ಕಿಟಕಿಗೆ ತಲೆಯಾನಿಸಿ ನಿದ್ದೆಹೋದೆ.

ಎರಡನೇ ಶನಿವಾರ ನನಗೆ ರಜೆ. ಅಂದು ಬ್ಲೇಡ್ ಸಮೇತ ಟ್ರ್ಯಾಕ್ಟರನ್ನೇ ಓಡಿಸಿಕೊಂಡು ತುಮಕೂರಿಗೆ ಹೊರಟೆವು. ನಾನು ಮಡ್‌ಗಾರ್ಡಿನ ಮೇಲೆ ಕೂತಿದ್ದೆ. ಲಾರಿಗಳು ಪಕ್ಕದಲ್ಲಿ ಹಾದಾಗಲೆಲ್ಲ ಕಂಬಿ ಹಿಡಿದ ಕೈ ಬಿಗಿಯಾಗುತ್ತಿತ್ತು. ಶೆಟ್ಟಿಹಳ್ಳಿ ದಾಟಿ ನಯಾಜ್ ಅಹಮದ್ ಅವರ ಶೆಡ್ ತಲುಪುವ ಹೊತ್ತಿಗೆ ನನ್ನ ಸೊಂಟ ಮರಗಟ್ಟಿತ್ತು.

ನಯಾಜ್ ಐವತ್ತು ದಾಟಿದವರು, ಜೆಸಿಬಿಗಳ ಹೈಡ್ರಾಲಿಕ್ಸ್ ರಿಪೇರಿ ಮಾಡುವವರು. ಕಾಂತೇಶ್ ಟಾಪ್ ಲಿಂಕ್ ಎಂದು ಹೇಳಿದ್ದನ್ನು ಕೇಳಿಸಿಕೊಂಡು ಟ್ರ್ಯಾಕ್ಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತರು. ಟಾಪ್ ಲಿಂಕಿನ ತಿರುಪಿನ ಮೇಲೆ ತುಕ್ಕು ಕೂತಿತ್ತು. ಸೈಡ್ ರಾಡಿನ ಹಿಡಿ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು.

“ಇದನ್ನ ಯಾರು ತಿರುಗ್ಸೋದು, ಯಜಮಾನ್ರೇ?”

“ಅದು ಅವ್ಳ ಡಿಪಾರ್ಟ್‌ಮೆಂಟು ನಯಾಜಣ್ಣ,” ಎಂದು ಕಾಂತೇಶ್ ನನ್ನ ಕಡೆ ಗದ್ದ ತೋರಿಸಿ ನಕ್ಕರು.

ಮಟ್ಟದಿಂದ ಓರೆಗೆ ಎಷ್ಟು ಸುತ್ತು ಬೇಕು ತೋರಿಸಿ ಎಂದು ನಯಾಜ್ ಕೇಳಿದರು. ಸಿಲಿಂಡರ್ ಎಷ್ಟುದ್ದ ಚಾಚಬೇಕೆಂದು ಅದರಿಂದ ಗೊತ್ತಾಗುತ್ತದಂತೆ. ಕಾಂತೇಶ್ ಎಂಜಿನ್ ಸ್ಟಾರ್ಟ್ ಮಾಡಿ, ಬ್ಲೇಡ್ ಎತ್ತಿ, ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ನಾನು ಸಂದಿಗೆ ಹೊರಟೆ.

“ಅಕ್ಕಾ, ನೀವು ಬೇಡ. ಓಡ್ಸೋರೇ ತಿರುಗ್ಸಿ ನೋಡ್ಲಿ. ನೀವು ಮೇಲೆ ಕೂತ್ಕೊಳಿ,” ಎಂದರು ನಯಾಜ್.

ಕಾಂತೇಶ್ ನಗುತ್ತಲೇ ಇಳಿದರು. ನಾನು ಹತ್ತಿ ಕೂತೆ. ಆರು ವರ್ಷದಲ್ಲಿ ಆ ಸೀಟಿನಿಂದ ಹಿಂದಕ್ಕೆ ತಿರುಗಿ ನೋಡಿದ್ದು ಅದೇ ಮೊದಲು. ಲಿವರ್ ನನ್ನ ಬಲಮೊಣಕೈಗೆ ಒಂದು ಗೇಣು ದೂರದಲ್ಲಿತ್ತು. ನನ್ನ ದುಪಟ್ಟಾದ ತುದಿ ಅದರ ಮೇಲೆ ಬಿದ್ದಿತ್ತು. ಅದನ್ನು ಎಳೆದು ತೊಡೆಯ ಕೆಳಗೆ ಒತ್ತಿಕೊಂಡೆ. ಕೈಗಳನ್ನು ಮಡಿಲಲ್ಲಿ ಸೇರಿಸಿಕೊಂಡೆ.

ಕಾಂತೇಶ್ ಹಿಡಿಯನ್ನು ತಿರುಗಿಸಿದರು. ಬಲತುದಿ ಇಳಿಯುವ ಬದಲು ಏರಿತು. ತಿರುಗಿಸುವ ದಿಕ್ಕೇ ಅವರಿಗೆ ಗೊತ್ತಿರಲಿಲ್ಲ. ಬ್ಲೇಡಿನ ಭಾರವೆಲ್ಲ ರಾಡಿನ ಮೇಲಿದ್ದದ್ದರಿಂದ ಹಿಡಿ ಬಿಗಿಯಾಗಿತ್ತು. ಆತುಕೊಳ್ಳಲು ಎಡಗಾಲು ಮುಂದಿಟ್ಟರು. ಪಾದ ಸೀದಾ ಬ್ಲೇಡಿನ ಕೆಳಗೆ ಹೋಯಿತು.

ನಾನು ಕೂಗಿದೆ. ಎಂಜಿನ್ನಿನ ಸದ್ದಿಗೆ ಅವರಿಗೆ ಕೇಳಿಸಲಿಲ್ಲ. ಕೀ ತಿರುಗಿಸಿ ಆಫ್ ಮಾಡಿದೆ. ಶೆಡ್ಡಿನಲ್ಲಿ ಎಲ್ಲ ನಿಶ್ಶಬ್ದವಾಯಿತು.

“ಕಾಲು ತೆಗೀರಿ,” ಅಂದೆ.

“ಏನಾಯ್ತೀಗ?”

“ಕಾಲು ಎಲ್ಲಿಟ್ಟಿದೀರ ನೋಡ್ಕೊಳಿ.”

ಅವರು ಕೆಳಗೆ ನೋಡಿದರು. ಆಮೇಲೆ ಬಿಸಿ ಪಾತ್ರೆಯಿಂದ ಕೈ ತೆಗೆಯುವಂತೆ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಮುಖದ ಮೇಲೆ ನಗು ಇರಲಿಲ್ಲ.

ನಯಾಜ್ ಬ್ಲೇಡನ್ನು ನೆಲಕ್ಕೆ ಇಳಿಸಲು ಹೇಳಿದರು. ನಾನು ಲಿವರಿನಿಂದ ಇಳಿಸಿದ ಮೇಲೆ ಹಿಡಿ ಹಗುರಾಗಿ ತಿರುಗಿತು. ಕಾಂತೇಶ್ ಬಾಯಿಬಿಟ್ಟು ಎಣಿಸಿದರು. ಹನ್ನೊಂದಕ್ಕೆ ನಿಲ್ಲಿಸಿ ಹಣೆ ಒರೆಸಿಕೊಂಡರು.

“ದಿನಕ್ಕೆ ಎಷ್ಟು ಸಲ ಬೀಳತ್ತೆ ಈ ಕೆಲಸ?” ಎಂದು ನಯಾಜ್ ಕೇಳಿದರು.

ಕಾಂತೇಶ್ ನನ್ನ ಮುಖ ನೋಡಿದರು. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಹೋದ ಭಾನುವಾರ ಹದಿನಾಲ್ಕು ಸಲ,” ಅಂದೆ. “ಟಾಪ್ ಲಿಂಕು ಒಂದು ಸಲ.”

ನಯಾಜ್ ಎದ್ದು ಕೈ ಒರೆಸಿಕೊಂಡರು. ಯಾವುದನ್ನು ಹಾಕಿಸಿ ಎಂದು ಅವರು ಹೇಳಲಿಲ್ಲ. ಅದೇನಿದ್ದರೂ ನೀವಿಬ್ಬರೂ ಮಾತಾಡಿಕೊಳ್ಳಿ ಎಂದು ಚಹಾ ತರಿಸಲು ಹೋದರು. ಕಾಂತೇಶ್ ಚಕ್ರಕ್ಕೆ ಒರಗಿ ನಿಂತು ಅಂಗೈ ನೋಡಿಕೊಂಡರು. ನಾನು ಸೀಟಿನಿಂದ ಇಳಿಯಲಿಲ್ಲ.

“ಚಪ್ಲಿ ತುಂಡಾದ್ ದಿನಾನೇ ಹೇಳ್ಬಾರ್ದಿತ್ತಾ?” ಎಂದು ಕೇಳಿದರು.

“ಅವತ್ತು ನೀವೂ ಅಲ್ಲೇ ಇದ್ರಲ್ಲ.”

ನಯಾಜ್ ಚಹಾದೊಂದಿಗೆ ಬಂದಾಗ, ಸೈಡ್ ರಾಡಿಗೇ ಹಾಕಿ ಅಣ್ಣ, ಎಂದರು ಕಾಂತೇಶ್. ನಾನು ಮನೆಯಲ್ಲಿ ಹೊಲಿಗೆ ಟೇಪಿನಿಂದ ಪಿನ್ನಿನಿಂದ ಪಿನ್ನಿಗೆ ಅಳೆದು ತಂದಿದ್ದ ಚೀಟಿ ಕೊಟ್ಟೆ. ನಯಾಜ್ ಅದನ್ನು ನೋಡಿ, ಆದರೂ ತಾವೇ ಇನ್ನೊಮ್ಮೆ ಅಳೆದರು. ಸರಿಯಿತ್ತು. ಪೈಪ್ ಸೋರಿದರೂ ಸಿಲಿಂಡರ್ ಇದ್ದಲ್ಲೇ ನಿಲ್ಲುವಂತೆ ಲಾಕ್ ವಾಲ್ವ್ ಕೂಡ ಹಾಕಿದರು. ಬ್ಲೇಡನ್ನು ಪೂರ್ತಿ ಎತ್ತಿ, ಪೂರ್ತಿ ಇಳಿಸಿ, ಪೈಪುಗಳು ಎಲ್ಲೂ ಎಳೆಯುವುದಿಲ್ಲ, ಉಜ್ಜುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು.

ಮರುದಿನ ಭಾನುವಾರ. ಬಟ್ಟೆ ಒಗೆಯುತ್ತಿದ್ದೆ. ಕಾಂತೇಶ್ ತೋಟದಿಂದ ಕರೆದರು. ಇನ್ನೇನು ಬೇಕೆಂದು ಕೇಳಿದೆ.

“ಮಟ್ಟ ಗೊತ್ತಾಗ್ತಿಲ್ಲ ಕಣೇ. ಬಂದು ನಿಂತ್ಕೊ.”

ಹೋದೆ. ಹತ್ತು ಹೆಜ್ಜೆ ದೂರದಲ್ಲಿ ಬದುವಿನ ಮೇಲೆ ನಿಂತೆ. ಅವರು ಲಿವರ್ ಎಳೆದರೆ ಬಲತುದಿ ತಾನಾಗಿಯೇ ಇಳಿಯುತ್ತಿತ್ತು. ಆದರೆ ಎಷ್ಟಕ್ಕೆ ನಿಲ್ಲಿಸಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಆ ಲೆಕ್ಕವೆಲ್ಲ ನನ್ನ ಸುತ್ತುಗಳಲ್ಲಿತ್ತು. ನಾನು ಅಂಗೈ ಓರೆ ಮಾಡಿ ತೋರಿಸಿದೆ, ಅವರು ಅಷ್ಟಕ್ಕೆ ನಿಲ್ಲಿಸಿದರು. ಹೀಗೆ ಆರು ಸಾಲು ಆಯಿತು. ಬಿಸಿಲೇರಿತು. ಒಗೆಯಬೇಕಾದ ಬಟ್ಟೆ ಅಲ್ಲೇ ನೆನೆಯುತ್ತಿತ್ತು.

ಏಳನೆಯ ಸಾಲಿನಲ್ಲಿ ಮಣ್ಣು ಗಟ್ಟಿ. ಬ್ಲೇಡ್ ಕಚ್ಚದೆ ಜಾರಿತು. ಟಾಪ್ ಲಿಂಕನ್ನು ಎರಡು ಸುತ್ತು ಗಿಡ್ಡ ಮಾಡಬೇಕಿತ್ತು. ಅದು ಈಗಲೂ ಕೈಯಲ್ಲೇ ಮಾಡುವ ಕೆಲಸ. ಟ್ರ್ಯಾಕ್ಟರ್ ನಿಂತಿತು. ಎಂಜಿನ್ ಓಡುತ್ತಿತ್ತು, ಬ್ಲೇಡ್ ಮೇಲಿತ್ತು. ಕಾಂತೇಶ್ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು.

ನಾನು ಬದುವಿನಿಂದ ಇಳಿದು ಮುಂದಿನ ಚಕ್ರದ ಪಕ್ಕಕ್ಕೆ ಹೋಗಿ ನಿಂತೆ.

“ಇಳ್ಸಿ. ಆಫ್ ಮಾಡಿ. ಕೀ ಕೊಡಿ.”

“ಕೀ ಯಾಕೆ? ಇನ್ನು ಮೇಲೆ ನೋಡ್ಕೊಂಡೇ ಇರ್ತೀನಿ.”

“ಗೊತ್ತು. ಆದ್ರೂ ಕೊಡಿ.”

ಅವರು ಬ್ಲೇಡ್ ಇಳಿಸಿದರು. ಆಫ್ ಮಾಡಿದರು. ಬ್ಯಾಟರಿಯ ಬಗ್ಗೆ ಏನೋ ಗೊಣಗಿಕೊಂಡು, ಕೀ ತೆಗೆದು ನನ್ನ ಕೈಗೆ ಹಾಕಿದರು. ಅದನ್ನು ಎಡಗೈಯಲ್ಲಿ ಬಿಗಿಯಾಗಿ ಮುಚ್ಚಿಕೊಂಡು ಹಿಂದಕ್ಕೆ ಹೋದೆ. ಟಾಪ್ ಲಿಂಕನ್ನು ಬಲಗೈ ಒಂದರಿಂದಲೇ ತಿರುಗಿಸಲು ಕಷ್ಟವಾಯಿತು, ಹೊತ್ತು ಹಿಡಿಯಿತು. ಅವರು ಅವಸರ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಮುಗಿಸಿ ಕೀ ವಾಪಸು ಕೊಟ್ಟೆ. ನಾನು ಬದು ಹತ್ತಿ ನಿಲ್ಲುವವರೆಗೂ ಅವರು ಅದನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದರು.